ಜಾಹೀರಾತಿನ ಎರಡು ಬಗೆಯ ತಪ್ಪುಗಳು

ಕಾವ್ಯ, ಕಾದಂಬರಿಗಳನ್ನು ವಿಮರ್ಶೆಗೆ ಎತ್ತಿಕೊಳ್ಳುವ ನಾವು ಜಾಹೀರಾತನ್ನು ಬರವಣಿಗೆಯೆಂದೇ ಎಣಿಸುವುದಿಲ್ಲ. ಆದರೆ ಗಡಿನಾಡಿನಲ್ಲಿ ಅದರ ಮಹತ್ತ್ವ ಬೇರೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಶಾಲೆಯ ಹೊರಗೆ ನಮ್ಮ ಮಕ್ಕಳ ಕಣ್ಣಿಗೆ ಬೀಳುವ ಕನ್ನಡ ಅಕ್ಷರ ಕಡಿಮೆಯಾಗುತ್ತ ಬಂದಿದೆ. ಉಳಿದಿರುವುದು ಅಂಗಡಿಯ ಫಲಕದಲ್ಲಿ, ಪತ್ರಿಕೆಯ ಜಾಹೀರಾತಿನಲ್ಲಿ, ಸರಕಿನ ಹೊದಿಕೆಯ ಮೇಲೆ. ಆದುದರಿಂದ ಅದನ್ನೂ ಪದ್ಯವನ್ನು ಓದುವಷ್ಟೇ ಎಚ್ಚರದಿಂದ ಓದಬೇಕೆಂಬುದು ನಮ್ಮ ಅಭಿಪ್ರಾಯ.

ಹಾಗೆ ಓದಿದಾಗ ಮೊದಲು ಕಾಣುವುದು ಅಕ್ಷರದ ತಪ್ಪು. ‘ಶುಭಾಶಯ’ವು ‘ಶುಭಾಷಯ’ವಾಗುತ್ತದೆ, ಶುಭವಾದ ಆಶಯವೆಂಬ ಅರ್ಥವನ್ನು ಬಲ್ಲವರು ಹೀಗೆ ಬರೆಯಲಾರರು. ‘ಹಾರ್ದಿಕ’ಕ್ಕೆ ಬೇಡದ ಮಹಾಪ್ರಾಣ ಸೇರಿ ‘ಹಾರ್ಧಿಕ’ವಾಗುತ್ತದೆ. ‘ವಿಶೇಷ’ದ ಶಕಾರ, ಷಕಾರಗಳು ಸ್ಥಾನ ಬದಲಿಸಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಹುಟ್ಟಿದ ಮಾತನ್ನು ಪದಕ್ಕೆ ಪದವಿಟ್ಟು ತಂದಾಗ ವಾಕ್ಯದ ನಡೆಯೇ ಕುಂಟುತ್ತದೆ. ಇವು ಮನಸ್ಸನ್ನು ನೋಯಿಸುವ ತಪ್ಪುಗಳೇ ಸರಿ. ಆದರೂ ಇವುಗಳಿಗೆ ಮದ್ದು ಸುಲಭ. ಒಂದು ಹನಿ ಕೆಂಪು ಶಾಯಿ ಸಾಕು.

ಭಾಷೆಯ ತಪ್ಪು ವ್ಯಾಪಾರವನ್ನೇ ಮುಳುಗಿಸುತ್ತದೆಂದು ವಾದಿಸುವವರು ಅಮೆರಿಕದ ಕಥೆಯೊಂದನ್ನು ಉದಾಹರಿಸುವುದುಂಟು. ಷೆವ್ರೊಲೆ ಕಂಪೆನಿಯ ‘ನೋವಾ’ ಕಾರನ್ನು ಸ್ಪ್ಯಾನಿಷ್ ಮಾತಾಡುವ ನಾಡುಗಳಲ್ಲಿ ಯಾರೂ ಕೊಳ್ಳಲಿಲ್ಲ, ಏಕೆಂದರೆ ಆ ಭಾಷೆಯಲ್ಲಿ ‘ನೋ ವಾ’ ಎಂದರೆ ‘ಹೋಗುವುದಿಲ್ಲ’ ಎಂದರ್ಥ ಎಂಬುದು ಆ ಕಥೆ. ಕಥೆ ಸೊಗಸಾಗಿದೆ, ಆದರೆ ನಿಜವಲ್ಲ. ಮೆಕ್ಸಿಕೋ, ವೆನೆಜುವೆಲಾಗಳಲ್ಲಿ ಆ ಕಾರು ಚೆನ್ನಾಗಿಯೇ ಮಾರಾಟವಾಯಿತು. ಮಾತಿನ ಎಡವಟ್ಟನ್ನು ಗಿರಾಕಿ ಕ್ಷಮಿಸುತ್ತಾನೆ. ಅವನಿಗೆ ಕೇಡು ಮಾಡುವುದು ಎರಡನೆಯ ಬಗೆಯದಾದ ಅರ್ಥದ ತಪ್ಪು.

ನಮ್ಮ ವಯಸ್ಸಿನವರು ಹಳೆಯ ಜಾಹೀರಾತುಗಳ ತಿಳಿಗನ್ನಡವನ್ನು ಹೊಗಳುವುದುಂಟು. ಹೊಗಳಿಕೆ ತಕ್ಕದ್ದೇ. ಆದರೆ ಸಕಲ ರೋಗಗಳಿಗೂ ಒಂದೇ ಗುಳಿಗೆಯೆಂದು ಸಾರಿದ್ದೂ ಅಂತಹ ಅಚ್ಚುಕಟ್ಟಾದ ಗದ್ಯವೇ. ಅಂಥವನ್ನು ತಡೆಯಲು 1954ರಲ್ಲಿ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ ಬರಬೇಕಾಯಿತು. ಶಿಶುಗಳ ಹಾಲಿನ ಪುಡಿಯು ತಾಯಿಯ ಹಾಲಿಗೆ ಸಮವೆಂಬ ಭ್ರಮೆಯನ್ನು ಹುಟ್ಟಿಸಲು ದುಂಡುಮುಖದ ಮಗುವಿನ ಚಿತ್ರವೊಂದೇ ಸಾಕಾಗಿತ್ತು. 1992ರ ಕಾಯಿದೆ ಆ ಜಾಹೀರಾತನ್ನೂ ಡಬ್ಬಿಯ ಮೇಲಿನ ತಾಯಿ, ಮಗುವಿನ ಚಿತ್ರವನ್ನೂ ನಿಷೇಧಿಸಿತು. 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ ಬಿಳುಪೇ ಚೆಲುವೆಂದು ನಮ್ಮ ಹೆಣ್ಣುಮಕ್ಕಳಿಗೆ ಬೋಧಿಸುತ್ತ ಬಂದು, 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಎಂದು ಹೆಸರು ಬದಲಿಸಿಕೊಂಡಿತು. ಇಲ್ಲೆಲ್ಲ ಕಾಗುಣಿತ ಸರಿಯಾಗಿಯೇ ಇತ್ತು.

ಹಳೆಯದೆಲ್ಲವೂ ಹೀಗೆಂದಲ್ಲ. ಮೊದಲನೆಯ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ, 1916ರಲ್ಲಿ ಮೈಸೂರು ಸಂಸ್ಥಾನವು ತಾನೇ ಗಂಧದೆಣ್ಣೆ ತೆಗೆಯಲು ತೊಡಗಿತು. ಅದರಿಂದಲೇ ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿತು. ಒಡವೆಯ ಪೆಟ್ಟಿಗೆಯನ್ನು ಹೋಲುವ ಹೊದಿಕೆ, ಆನೆಯ ತಲೆ ಸಿಂಹದ ದೇಹವುಳ್ಳ ಶರಭನ ಮುದ್ರೆ, ಒಳಗಿನ ವಸ್ತುವನ್ನೇ ಹೇಳುವ ಹೆಸರು. ಇದ್ದುದನ್ನು ಇದ್ದಂತೆ, ಆದರೆ ಚೆಂದವಾಗಿ ಹೇಳುವುದು ಸಾಧ್ಯವೆಂಬುದಕ್ಕೆ ಇದು ಸಾಕ್ಷಿ.

ಸಂಘದ ಬಂಧುಗಳಲ್ಲಿ ನಮ್ಮ ಕೋರಿಕೆ ಎರಡು. ಮಲಯಾಳದ ಜೊತೆಗೆ ಇಂದಿಗೂ ಕನ್ನಡದ ಫಲಕ ಹಾಕುವ ಅಂಗಡಿಯವರು ನಮ್ಮ ಮಿತ್ರರು. ಅಲ್ಲಿ ತಪ್ಪು ಕಂಡರೆ ನಗುವುದು ಬೇಡ. ಸರಿಯಾದ ರೂಪವನ್ನು ಚೀಟಿಯಲ್ಲಿ ಬರೆದು ವಿನಯದಿಂದ ಕೊಡೋಣ. ನಕ್ಕರೆ ಮುಂದಿನ ಸಲ ಅವರು ಕನ್ನಡವನ್ನೇ ಕೈಬಿಟ್ಟಾರು. ತಪ್ಪಾಗಿ ಬರೆದ ಕನ್ನಡವನ್ನು ತಿದ್ದಬಹುದು, ಅಳಿಸಿದ ಕನ್ನಡವನ್ನು ತಿದ್ದಲಾಗದು.

ಎರಡನೆಯದು ಮನೆಯ ಕೆಲಸ. ಪತ್ರಿಕೆಯ ಜಾಹೀರಾತೊಂದನ್ನು ಮಕ್ಕಳ ಮುಂದಿಟ್ಟು ಕಾಗುಣಿತವನ್ನು ಪರೀಕ್ಷಿಸಲು ಹೇಳಿ. ಆಮೇಲೆ, ಇದರಲ್ಲಿ ಹೇಳಿದ್ದು ನಿಜವೇ, ಅದಕ್ಕೆ ಆಧಾರವೇನು ಎಂದು ಕೇಳಿ. ಕೊನೆಗೆ, ಮೂಲೆಯಲ್ಲಿ ಇರುವೆಗಾತ್ರದ ಅಕ್ಷರಗಳಲ್ಲಿ ಮುದ್ರಿಸಿರುವ ‘ಷರತ್ತುಗಳು ಅನ್ವಯಿಸುತ್ತವೆ’ ಎಂಬ ಸಾಲನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ.