ಜೂಮ್‌ಗೆ ಕೇಳಿಸದ ತಂಬೂರಿ

ಪುಣೆಯ ಕೋಥ್ರೂಡಿನ ನಮ್ಮ ಕಟ್ಟಡದಲ್ಲಿ, ಕೆಳಗಿನ ಮನೆಯಲ್ಲಿ ಧಾರವಾಡದ ಗಾಯಕಿಯೊಬ್ಬರಿದ್ದಾರೆ. ನಮಗೆಲ್ಲ ಅಕ್ಕಾವ್ರು. ಸಂಜೆ ಏಳಕ್ಕೆ ಲ್ಯಾಪ್‌ಟಾಪ್ ತೆರೆದರೆ ಆ ಕಡೆ ಕ್ಯಾಲಿಫೋರ್ನಿಯಾದ ಹುಡುಗಿ. ಬೇಸಿಗೆಯಲ್ಲಿ ಅವಳಿಗಾಗ ಬೆಳಗಿನ ಆರೂವರೆ.

ಕಳೆದ ವಾರ ಪಾಠಕ್ಕೆ ಕಿವಿಗೊಟ್ಟು ಕೂತಿದ್ದೆ. ಹುಡುಗಿ ಯಮನ್‌ನ ಗಾಂಧಾರ ಹಿಡಿದು ನಿಂತಳು. ಅವಳ ತಂಬೂರಿ ಮಾತ್ರ ಎರಡು ಸಲ ಮಿಡಿದು ಮಾಯ. "ಒರಿಜಿನಲ್ ಸೌಂಡ್ ಹಾಕೀಯೇನ ತಂಗಿ?" ಎಂದರು ಅಕ್ಕಾವ್ರು. ಎಡೆಬಿಡದ ನಾದವೆಂದರೆ ಜೂಮ್‌ಗೆ ಫ್ಯಾನಿನ ಸದ್ದು, ಸೋಸಿ ಚೆಲ್ಲುತ್ತದೆ. ಸಂಗೀತದವರಿಗೆಂದೇ ಇಟ್ಟ ಆ ಗುಂಡಿ ಒತ್ತಿದ ಮೇಲೆ ಷಡ್ಜ ಮರಳಿತು.

ದನಿ ತಡವಾಗಿ ಬರುವ ತೊಡಕಿಗೆ ಯಾವ ಗುಂಡಿಯೂ ಇಲ್ಲ. ಇಬ್ಬರೂ ಕೂಡಿ ಹಾಡಿದರೆ ಸಮ್ ಇಬ್ಬರಿಗೂ ಬೇರೆ ಬೇರೆ ಕಡೆ ಬೀಳುತ್ತದೆ. ಅದಕ್ಕೇ ತಂಬೂರಿ, ತಬಲಾ ಎರಡೂ ಹುಡುಗಿಯ ಕಡೆಯ ಇನ್ನೊಂದು ಫೋನಿನಲ್ಲಿ. ಬರುವುದು ತಡವಾದರೂ ಠೇಕಾ, ದನಿ ಜೊತೆಗೇ ಬರುತ್ತವೆ. ಅಕ್ಕಾವ್ರು ಸಣ್ಣದೊಂದು ತುಣುಕು ಹಾಡಿ, ಮೈಕ್ ಮುಚ್ಚಿ, ಕಣ್ಣೂ ಮುಚ್ಚಿ ಕೂರುತ್ತಾರೆ.

ನನಗೆ ರುಚಿಸಿದ್ದು ಇದು. ಎದುರು ಕೂತು ಕಲಿಯುವಾಗ ಗುರುವಿನ ದನಿಯ ಮರೆಯಲ್ಲಿ ಎಷ್ಟು ಕಾಲ ಬೇಕಾದರೂ ಅಡಗಿರಬಹುದು; ನಾನೇ ನಾಲ್ಕು ವರ್ಷ ಅಡಗಿದ್ದೆ. ಇಲ್ಲಿ ಆ ಆಸರೆಯಿಲ್ಲ. "ಗಾಂಧಾರ ಇನ್ನೂ ಕೆಳಗೇ ಅದ. ನನ್ನ ಮಾರಿ ನೋಡಬ್ಯಾಡ, ತಂಬೂರಿ ಕೇಳು." ಆರನೆಯ ಸಲಕ್ಕೆ ಕೂಡಿತು.

ಯಂತ್ರದಿಂದ ಸಂಗೀತ ಬಂದೀತೇ ಎಂದು ಮೂಗು ಮುರಿಯುವವರು ಈ ಊರಲ್ಲಿ ಬಹಳ. ಇಲ್ಲೇ ಬಾಳಿದ ಗದುಗಿನ ಭೀಮಸೇನ ಜೋಶಿಯವರು 1933ರಲ್ಲಿ ಮನೆಬಿಟ್ಟು ಓಡಿದ್ದರ ಹಿಂದೆ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯಿತ್ತು. ಆದರೂ ಕಲಿಯಲು ಕುಂದಗೋಳದ ಸವಾಯಿ ಗಂಧರ್ವರ ಮನೆಗೇ ಹೋಗಬೇಕಾಯಿತು. ತಟ್ಟೆ ಎಷ್ಟು ಸಲ ತಿರುಗಿದರೂ ಹುಡುಗನ ಹಾಡು ಕೇಳಿ "ಅಲ್ಲ" ಎನ್ನದು. ಮೊದಲೇ ಮುದ್ರಿಸಿಟ್ಟು ಮಾರುವ ಪಾಠಗಳ ಮೇಲೆ ನನ್ನ ತಕರಾರೂ ಇಷ್ಟೇ.

ಪಾಠ ಮುಗಿಯುವಾಗ ಹುಡುಗಿಯ ಕಿಟಕಿಗೆ ಬಿಸಿಲು ಬಂದಿತ್ತು. ಸಂಜೆಯ ಯಮನ್ ಅವಳ ಬೆಳಗಿಗೆ ಹೊಂದುತ್ತದೆಯೇ ಎಂದು ಕೆಣಕಿದೆ. "ಬರೂ ತಿಂಗಳು ಭೈರವ್ ಸುರು ಮಾಡ್ತೀನಿ, ಅಕೀಗೆ ಹೊಂದತದ" ಎಂದರು. ಹೊತ್ತು ಬದಲಾಗದು, ದೀಪ ಹಚ್ಚುವ ವೇಳೆಗೆ ನಾವು ಭೈರವ್ ಕೇಳಬೇಕು.