ಓಲಂಡ್ ಮನೆತನದ ಬಿಯರ್

ಕೆನಡಾದ ಮೂಸ್‌ಹೆಡ್ ಬ್ರುವರಿಯ ಕತೆ ಶುರುವಾಗುವುದು ಡಾರ್ಟ್‌ಮತ್‌ನ ಒಂದು ಹಿತ್ತಿಲಿನಲ್ಲಿ. ಸುಸಾನಾ ಓಲಂಡ್ ಅಲ್ಲಿ ಕಂದು ಬಣ್ಣದ ಏಲ್ ಬಿಯರ್ ಕಾಯಿಸುತ್ತಿದ್ದಳು. 1867ರಲ್ಲಿ ಅದೇ ಮನೆತನದ ಉದ್ಯಮವಾಯಿತು. ಎಂಥ ಗಟ್ಟಿಗಿತ್ತಿ!

1917ರ ಡಿಸೆಂಬರ್ 6ರಂದು ಡಾರ್ಟ್‌ಮತ್ ಪಕ್ಕದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡಿನ ಹಡಗು ಸಿಡಿದು ಬ್ರುವರಿ ನೆಲಸಮವಾಯಿತು, ಸುಸಾನಾಳ ಮಗ ಕಾನ್ರಾಡ್ ತೀರಿಕೊಂಡ. ಇನ್ನೊಬ್ಬ ಮಗ ಜಾರ್ಜ್ ವಿಮೆಯ ಹಣದಿಂದ ಮರುವರ್ಷವೇ ಸೇಂಟ್ ಜಾನ್ ನಗರದ ಬ್ರುವರಿಯೊಂದನ್ನು ಕೊಂಡ. ಮದ್ಯನಿಷೇಧದ ಕಾಲವನ್ನೂ ದಾಟಿದ್ದಾಯಿತು. 1931ರಲ್ಲಿ ಮನೆತನದ ಪೇಲ್ ಏಲ್‌ಗೆ ಮೂಸ್‌ಹೆಡ್ ಎಂದು ಹೆಸರಿಟ್ಟರು, 1947ರಲ್ಲಿ ಕಂಪನಿಗೂ ಅದೇ ಹೆಸರು ಬಂತು.

ಏಲ್ ಜೊತೆಗೆ ಮೂಸ್‌ಹೆಡ್ ಲಾಗರ್ ಎಂಬ ಬಗೆಯ ಬಿಯರನ್ನೂ ಮಾಡುತ್ತದೆ; ನನ್ನನ್ನು ಸೆಳೆಯುವುದು ಅದರ ತಾಳ್ಮೆ. ಮೊಳಕೆಯೊಡೆಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ ಹದವಾದ ಬಿಸಿನೀರಿನಲ್ಲಿ ನೆನೆಸುತ್ತಾರೆ. ನೀರು ತೀರಾ ಕಾದರೆ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳೇ ಸತ್ತುಹೋಗುತ್ತವೆ. ಸೋಸಿದ ಸಿಹಿರಸಕ್ಕೆ ಹಾಪ್ಸ್ ಹೂ ಬಿದ್ದು ಕುದಿಯುವಾಗ ಕಹಿಯೂ ಹೂವಿನ ಘಮವೂ ಒಟ್ಟಿಗೆ ಏಳುತ್ತವೆ. ಏಲ್‌ನ ಯೀಸ್ಟ್ ಬೆಚ್ಚಗೆ, ಮೇಲ್ಗಡೆ ನೊರೆಯೆಬ್ಬಿಸಿ ಬೇಗ ಕೆಲಸ ಮುಗಿಸುತ್ತದೆ. ಲಾಗರ್‌ನದು ತಂಪಿನಲ್ಲಿ ನಿಧಾನವಾಗಿ ಹುದುಗಿ ತಳಕ್ಕಿಳಿಯುತ್ತದೆ. ಆಮೇಲೂ ವಾರಗಟ್ಟಲೆ ಚಳಿಯಲ್ಲಿ ಮಾಗಬೇಕು. ಲಾಗರ್‌ಗೆ ಆ ತಿಳಿತನ ಬರುವುದು ಹಾಗೆ.

ಹಸಿರು ಬಾಟಲಿಯ ಮೂಸ್‌ಹೆಡ್ ಲಾಗರ್ 1978ರಲ್ಲಿ ಅಮೆರಿಕದ ಮಾರುಕಟ್ಟೆಗೆ ನುಗ್ಗಿ ಗೆದ್ದಿತು. ಕೆನಡಾದಲ್ಲೇ ಅಕ್ಕಪಕ್ಕದ ಪ್ರಾಂತ್ಯಗಳಲ್ಲಿ ಮಾರಲು ಕಾನೂನಿನ ಅಡ್ಡಿಗಳಿದ್ದ ಕಾಲವದು! ಕೆನಡಾದ ದೊಡ್ಡ ಬ್ರುವರಿಗಳು ಒಂದೊಂದಾಗಿ ವಿದೇಶಿ ಕಂಪನಿಗಳ ಪಾಲಾದವು. ಮೂಸ್‌ಹೆಡ್ ಮಾತ್ರ ಓಲಂಡ್‌ರ ಕೈಯಲ್ಲೇ ಆರನೆಯ ತಲೆಮಾರಿಗೆ ಬಂತು.