ನಾಣಿಯ ಕಣ್ಣು, ರಾಜಣ್ಣನ ಕಿವಿ

ಗಿರೀಶ ಕಾಸರವಳ್ಳಿಯವರ ಹೆಸರೆತ್ತಿದರೆ ಸಾಕು, ಪ್ರಶಸ್ತಿಗಳ ಲೆಕ್ಕ ಶುರುವಾಗುತ್ತದೆ. ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿಸಾಹೇಬ’, ‘ದ್ವೀಪ’ — ನಾಲ್ಕು ಸ್ವರ್ಣಕಮಲ. ಈ ಗೌರವವೇ ಅವರ ಚಿತ್ರಗಳನ್ನು ಅಟ್ಟ ಹತ್ತಿಸಿದೆ ಎಂದರೂ ತಪ್ಪಿಲ್ಲ. ನೋಡದೆಯೇ ಮೆಚ್ಚುವವರು ಹೆಚ್ಚು.

ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಈ ಹುಡುಗ ಮಣಿಪಾಲದಲ್ಲಿ ಓದಿದ್ದು ಫಾರ್ಮಸಿ. ಆಮೇಲೆ ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್. ಅಲ್ಲಿ ಮಾಡಿದ ಡಿಪ್ಲೊಮಾ ಚಿತ್ರ ‘ಅವಶೇಷ್‌’ಗೇ ರಾಷ್ಟ್ರಪ್ರಶಸ್ತಿ ಬಂತು. ಬಿ.ವಿ. ಕಾರಂತರ ‘ಚೋಮನ ದುಡಿ’ಗೆ ಸಹಾಯಕರಾಗಿದ್ದು, 1977ರಲ್ಲಿ ಅನಂತಮೂರ್ತಿಯವರ ‘ಘಟಶ್ರಾದ್ಧ’ ಕತೆಯನ್ನು ಕೈಗೆತ್ತಿಕೊಂಡಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ.

‘ಘಟಶ್ರಾದ್ಧ’ವನ್ನು ವಿಧವೆ ಯಮುನೆಯ ದುರಂತ ಎಂದಷ್ಟೇ ಓದಿದರೆ ಅರ್ಧ ಚಿತ್ರ ಕೈಬಿಟ್ಟಂತೆ. ಅದರ ಬಲವಿರುವುದು ವೇದಪಾಠಕ್ಕೆ ಬಂದ ಪುಟ್ಟ ನಾಣಿಯಲ್ಲಿ. ಗುರುಮನೆಯಲ್ಲಿ ಅವನಿಗೆ ಅಕ್ಕರೆ ತೋರಿದವಳು ಅವಳೊಬ್ಬಳೇ. ಅವಳು ಬಸುರಿ ಎಂಬುದು ಊರಿಗೆ ಸುದ್ದಿ, ಶಾಸ್ತ್ರಕ್ಕೆ ಅಪರಾಧ. ಅವನಿಗೆ ಮಾತ್ರ ಅರ್ಥವಾಗದ ದಿಗಿಲು. ಎಸ್. ರಾಮಚಂದ್ರರ ಕಪ್ಪು-ಬಿಳುಪು ಕ್ಯಾಮೆರಾ ಆ ದಿಗಿಲಿನ ಪಕ್ಕದಲ್ಲೇ ನಿಲ್ಲುತ್ತದೆ. ಮಗಳು ಬದುಕಿರುವಾಗಲೇ ಅಪ್ಪ ಗಡಿಗೆ ಒಡೆದು ಶ್ರಾದ್ಧ ಮಾಡುತ್ತಾನೆ. ಚಿತ್ರ ಅಲ್ಲಿ ಭಾಷಣಕ್ಕೆ ಇಳಿಯುವುದಿಲ್ಲ. ಎಲ್ಲ ಕಂಡೂ ಏನೂ ಮಾಡಲಾಗದ ಮಗುವೊಂದು ಇರುವಾಗ ಭಾಷಣದ ಗರಜೂ ಇಲ್ಲ.

ಮುಂದಿನ ‘ಆಕ್ರಮಣ’, ಚಿತ್ತಾಲರ ಕಾದಂಬರಿ ಆಧರಿಸಿದ ‘ಮೂರು ದಾರಿಗಳು’ ಈ ಹಿಡಿತ ಮುಟ್ಟಲಿಲ್ಲ. ತೇಜಸ್ವಿಯವರ ಕತೆಯ ‘ತಬರನ ಕಥೆ’ (1986) ಮುಟ್ಟಿತು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರ, ಮನೆಯಲ್ಲಿ ಕಾಲು ಕೊಳೆಯುತ್ತಿರುವ ಹೆಂಡತಿ. ಚಾರುಹಾಸನ್ ಬೆನ್ನು ಬಾಗಿಸಿ ನಿಲ್ಲುವ ರೀತಿಯಲ್ಲೇ ಅರ್ಧ ಕತೆ ಇದೆ. ತಕರಾರಿಲ್ಲ ಅಂತಲ್ಲ: ಕಷ್ಟಗಳು ಸರದಿಯಲ್ಲಿ ಬರುತ್ತವೆ, ಗುಮಾಸ್ತರೆಲ್ಲ ಒಂದೇ ಅಚ್ಚಿನವರು. ನೋಡುಗ ಸಲೀಸಾಗಿ ತಬರನ ಪಕ್ಷ ಸೇರಿ ಹಗುರಾಗಬಹುದು.

ಆ ಸಲೀಸನ್ನು ಕಿತ್ತುಕೊಂಡ ಚಿತ್ರ, ಟಿ.ಜಿ. ರಾಘವರ ಕತೆ ಆಧರಿಸಿದ ‘ಮನೆ’. ಹಳ್ಳಿ ಬಿಟ್ಟು ನಗರದಲ್ಲಿ ಬಾಡಿಗೆ ಹಿಡಿದ ರಾಜಣ್ಣ-ಗೀತಾ ದಂಪತಿಗೆ (ನಾಸಿರುದ್ದೀನ್ ಶಾ, ದೀಪ್ತಿ ನವಲ್) ಪಕ್ಕದ ಶೆಡ್ಡಿನ ಸದ್ದು ನಿದ್ದೆ ಕೊಡುವುದಿಲ್ಲ. ಅವರು ಪೊಲೀಸರ ಮೊರೆ ಹೋಗುತ್ತಾರೆ. ನೊಂದವರೇ ಅಧಿಕಾರದ ಕೈ ಹಿಡಿದಾಗ ಇನ್ನೊಬ್ಬರ ಅನ್ನಕ್ಕೆ ಏನಾಗುತ್ತದೆ ಎಂಬುದು ಇಲ್ಲಿನ ವಿಷಯ. ನಾಣಿಯ ಮುಗ್ಧತೆ ಇವರಿಗೆ ಲಭ್ಯವಿಲ್ಲ, ನೋಡುಗನಿಗೂ ಇಲ್ಲ.

ಬೆಂಗಳೂರಿನ ಮೈಸೂರು ರಸ್ತೆಗೆ ವರ್ತುಲ ರಸ್ತೆ ಸೇರುವ ನಾಯಂಡಹಳ್ಳಿಯಲ್ಲಿ ‘ಮನೆ’ಗೆ ಪೀಠಿಕೆ ಬೇಡ. ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಅವುಗಳ ಮಗ್ಗುಲಲ್ಲೇ ಬಾಡಿಗೆ ಮನೆ. ನೆತ್ತಿಯ ಮೇಲೆ 2021ರಿಂದ ಮೆಟ್ರೊ. ಸದ್ದಿನ ಮೇಲೆ ದೂರು ಕೊಡುವವರೂ ಸದ್ದಿನಿಂದಲೇ ಹೊಟ್ಟೆ ಹೊರೆಯುವವರೂ ಇಲ್ಲಿ ಒಂದೇ ಗೋಡೆಯ ಎರಡು ಬದಿ. ಕಾಸರವಳ್ಳಿಯವರನ್ನು ಮಲೆನಾಡಿನ ಅಗ್ರಹಾರಕ್ಕೇ ಕಟ್ಟಿಹಾಕುವ ವಿಮರ್ಶಕರು ಈ ಚಿತ್ರವನ್ನು ದಾಟಿ ಹೋಗುವುದು ವಿಚಿತ್ರ. ಅವರ ಮೊದಲ ಹದಿನೈದು ವರ್ಷಗಳ ಕೆಲಸದಲ್ಲಿ ಬೆಂಗಳೂರಿನವರನ್ನು ನೇರ ಕಟಕಟೆಗೆ ಕರೆದದ್ದು ಇದೇ.